ಗುಂಡಿ ಜೋಮು

"ನನ್ ಕೈಲಾಗಲ್ಲ ಕಣ್ರಪ್ಪ" ಎಂದು ವಸಂತಮ್ಮ ಮತ್ತೆ ಒಂಟಿಗಾಲಲ್ಲಿ ನಿಂತಳು. ಎತ್ತಿದ ಕಾಲನ್ನು ಇನ್ನೊಂದರ ಮೀನಖಂಡಕ್ಕೆ ಉಜ್ಜಿ, ಅದು ಬೆಚ್ಚಗಾಯಿತು ಅನ್ನುವಷ್ಟರಲ್ಲಿ ಇದನ್ನು ಎತ್ತಿಕೊಂಡು, ಅರ್ಧ ಕುಣಿಯುತ್ತ ಅರ್ಧ ನಡೆಯುತ್ತ ಅವಳು ಛತ್ರದಿಂದ ಇಲ್ಲಿಯ ತನಕ ಬಂದಿದ್ದಳು. ಬಿಳಿಗಿರಿರಂಗನ ಬೆಟ್ಟದ ಮೇಲೆ ಮಾರ್ಗಶಿರದ ಚಳಿ ಆ ವರ್ಷ ಬೇಗ ಇಳಿದಿತ್ತು. ತಗ್ಗಿನ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಕಾಲಿಟ್ಟರೆ ಸಣ್ಣಗೆ ಮುರಿಯುವ ಸದ್ದಾಗುತ್ತಿತ್ತು. ಕೊಳ್ಳೇಗಾಲದ ಬೀದಿಯ ಬೆಚ್ಚನೆ ಧೂಳು ತುಳಿದು ಬೆಳೆದವರಿಗೆ ಇದು ಹೊಸದು.

ಬರಿಗಾಲಲ್ಲಿ ನಡೆಯಬೇಕು ಎಂದು ಕಟ್ಟಳೆ ಮಾಡಿದವಳೂ ಅವಳೇ. ಈ ಬೆಟ್ಟದ ದೇವರು ರಾತ್ರಿ ಹೊತ್ತು ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಕಾಡೆಲ್ಲ ತಿರುಗುತ್ತಾನೆ, ಅದಕ್ಕೇ ಭಕ್ತರು ಮಾಡಿಕೊಟ್ಟ ಚಪ್ಪಲಿ ಸವೆಯುತ್ತವೆ ಎಂದು ಸುತ್ತಿನ ಜನ ನಂಬುತ್ತಾರೆ. "ದೇವ್ರು ಮೆಟ್ಟಾಕ್ಕಂಡು ಓಡಾಡೋ ಜಾಗದಲ್ಲಿ ನಾವೂ ಮೆಟ್ಟಾಕ್ಕಂಡ್ರೆ ಅವ್ನಿಗೆ ಸಮ ಆಗೋಯ್ತೀವಿ" ಎಂದು ಹೇಳಿ ಐದೂ ಜನರ ಚಪ್ಪಲಿಗಳನ್ನು ಛತ್ರದ ಮೂಲೆಯಲ್ಲಿ ಬಿಡಿಸಿದ್ದಳು. ಈಗ ಆ ಚಪ್ಪಲಿಗಳ ನೆನಪು ಎಲ್ಲರಿಗಿಂತ ಹೆಚ್ಚಾಗಿ ಅವಳನ್ನೇ ಕಾಡುತ್ತಿತ್ತು.

ಹಿಂದೆ ಬರುತ್ತಿದ್ದ ರಂಗಮ್ಮನಿಗೆ ನಗು ಬಂತು. ನುಂಗಿಕೊಂಡಳು. ನಾಳೆ ಬೀಗಿತ್ತಿಯಾಗಬೇಕಾದವಳನ್ನು ನೋಡಿ ಇವತ್ತೇ ನಕ್ಕರೆ ಯಾರು ಏನೆಂದುಕೊಳ್ಳುತ್ತಾರೋ. ಬೆಟ್ಟಕ್ಕೆ ಬಂದಾಗಿನಿಂದ ಅವಳು ಹಾಗೇ ಇದ್ದಳು, ನಗುವನ್ನೂ ಅಳೆದು ಮಾತನ್ನೂ ಅಳೆದು.

ಬಂದಿದ್ದೇ ಅದಕ್ಕೆ. ವಸಂತಮ್ಮನ ಗಂಡ ಸುಬ್ಬಯ್ಯ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಆರು ಮಗ್ಗಗಳ ಯಜಮಾನ. ರಂಗಮ್ಮನ ಗಂಡ ಮುದ್ದಯ್ಯನಿಗಿದ್ದದ್ದು ಒಂದೇ ಮಗ್ಗ, ಅದೂ ಬೇರೆಯವರ ರೇಷ್ಮೆಯನ್ನು ಕೂಲಿಗೆ ನೇಯುವ ಮಗ್ಗ. ಆದರೂ ಸುಬ್ಬಯ್ಯನ ಮಗ ದೇವಣ್ಣ ಯಾವುದೋ ಮದುವೆಯಲ್ಲಿ ಇವರ ಮಗಳು ರುದ್ರಾಣಿಯನ್ನು ನೋಡಿ, ಆಗುವುದಾದರೆ ಅವಳೇ ಎಂದುಬಿಟ್ಟಿದ್ದ. ವಸಂತಮ್ಮ ಪೂರ್ತಿ ಒಪ್ಪಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. "ಉಡ್ಗೀನ ನೋಡಿದ್ದಾಯ್ತು, ಇನ್ನು ಅವ್ಳ ಅಪ್ಪ ಅವ್ವನ್ನ ನೋಡ್ಬೇಕು" ಎಂದು ಹೇಳಿ, ಅಮಾವಾಸ್ಯೆಗೆ ಹೇಗೂ ಮಗ್ಗಗಳು ನಿಲ್ಲುತ್ತವಲ್ಲ, ಎಲ್ಲರೂ ಬೆಟ್ಟಕ್ಕೆ ಹೋಗಿ ಎರಡು ದಿನ ಇದ್ದು ಬರೋಣ ಎಂದು ಹೊರಡಿಸಿದ್ದಳು. ಒಟ್ಟಿಗೆ ಉಂಡು ಒಟ್ಟಿಗೆ ಮಲಗಿದರೆ ಮನುಷ್ಯರ ಬಣ್ಣ ಬಯಲಾಗುತ್ತದೆ ಅನ್ನುವುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಇದಕ್ಕೂ ಮುಂಚೆ ರುದ್ರಾಣಿಯನ್ನು ನೋಡಿಹೋದ ಎರಡು ಕಡೆಯವರು ಮತ್ತೆ ತಿರುಗಿ ನೋಡಿರಲಿಲ್ಲ. ಬಾಯಿಬಿಟ್ಟು ಏನನ್ನೂ ಕೇಳದ ಹುಡುಗಿ ಅದು. ಹಬ್ಬಕ್ಕೆ ಒಂದು ರವಕೆ ಕೇಳಿದವಳಲ್ಲ. ಹೊರಡುವ ದಿನ ಮಾತ್ರ ಬುತ್ತಿ ಕಟ್ಟಿಕೊಡುತ್ತ, ಗಂಟಿನ ಮೇಲೇ ಕಣ್ಣಿಟ್ಟು, "ಅವ್ವ, ಎಂಗಾರ ಮಾಡಿ ವಸಿ ಚೆನ್ನಾಗ್ ಮಾತಾಡು" ಎಂದಿದ್ದಳು. ಆ ಮಾತು ರಂಗಮ್ಮನ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಈ ಸಂಬಂಧ ಆಗಬೇಕು. ಆಗಲೇಬೇಕು. ಬೆಟ್ಟದ ದೇವರ ಮುಂದೆ ನಿಂತಾಗಲೂ ಅವಳಿಗೆ ಬೇರೆ ಏನನ್ನೂ ಕೇಳಲು ತೋಚಲಿಲ್ಲ.

ಇವತ್ತು ಬಿದಿಗೆ. ಸಂಜೆಯ ಬಸ್ಸಿಗೆ ಎಲ್ಲರೂ ಇಳಿಯಬೇಕು. ಬೆಳಿಗ್ಗೆ ಹೊತ್ತು ಕಳೆಯಲು ಎಲ್ಲಿಗಾದರೂ ಹೋಗೋಣವೇ ಎಂದಾಗ ಛತ್ರದ ಹತ್ತಿರ ಬೀಡಿ ಸೇದುತ್ತ ನಿಂತಿದ್ದ ಫಾರೆಸ್ಟ್ ಗಾರ್ಡು ಪುಟ್ಟಸಿದ್ದಯ್ಯ ಈ ದಾರಿ ತೋರಿಸಿದ್ದ. "ಸಲೀಸು ದಾರಿ ಕಣ್ರಿ. ಏರಿಲ್ಲ, ಇಳಿಕಿಲ್ಲ. ಸಾಹೇಬ್ರುಗಳು ಡೇರೆ ಆಕೋ ಕ್ಯಾಂಪ್ ಬಯ್ಲು ಅದೆ, ನೋಡ್ಕಂಡು ಬನ್ನಿ. ಈಗ ಯಾರೂ ಇಲ್ಲ, ನಿನ್ನೆ ಸಂಜೇಲಿ ಎದ್ದೋದ್ರು" ಎಂದಿದ್ದ. ಆನೆ ಬರುತ್ತದೆಯೇ ಎಂದು ವಸಂತಮ್ಮ ಕೇಳಿದ್ದಕ್ಕೆ, "ನಿಮ್ ಗಲಾಟೆಗೆ ಬರಾಕಿಲ್ಲ ಬುಡಿ" ಎಂದು ನಕ್ಕಿದ್ದ.

ಐವರಲ್ಲಿ ಚಳಿಗೆ ಬಗ್ಗದೆ ನಡೆಯುತ್ತಿದ್ದವನು ಮುದ್ದಯ್ಯ ಒಬ್ಬನೇ. ಪಂಚೆ ಮೇಲಕ್ಕೆ ಕಟ್ಟಿ, ಕೈ ಬೆನ್ನಿಗೆ ಕೊಟ್ಟು, ಸ್ವಂತ ಜಗುಲಿಯ ಮೇಲೆ ಅಡ್ಡಾಡುವವನ ಹಾಗೆ ಬೆಳ್ಳನೆ ಹುಲ್ಲನ್ನು ತುಳಿದುಕೊಂಡು ಮುಂದೆ ಹೋಗುತ್ತಿದ್ದ. ಸುಬ್ಬಯ್ಯನ ಕಾಲು ಕೆಂಪಾಗಿತ್ತು. ಇಪ್ಪತ್ತೈದರ ದೇವಣ್ಣ ಕೂಡ ಅಪ್ಪ ಅಮ್ಮ ನೋಡದಾಗ ಕಾಲನ್ನು ಕಾಲಿನ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದ.

"ಏನ್ ಮುದ್ದಯ್ನೋರೆ, ನಿಮ್ ಕಾಲು ಮನ್ಸುರ್ ಕಾಲಲ್ವಾ?" ಎಂದ ಸುಬ್ಬಯ್ಯ.

"ಇಪ್ಪತ್ತೆಂಟು ವರ್ಸದಿಂದ ಮಗ್ಗದ ಗುಂಡೀಲಿ ಕಾಲ್ ಇಳೀಬುಟ್ಟಿವ್ನಿ, ಯಜಮಾನ್ರೆ" ಎಂದ ಮುದ್ದಯ್ಯ. "ಗುಂಡಿ ಜೋಮು ಅದೆಯಲ್ಲ, ಅದು ಚಪ್ಪಲಿಗಿಂತ ವಾಸಿ. ಸವೆಯದೂ ಇಲ್ಲ, ಛತ್ರದಲ್ಲಿ ಕಳ್ತನವೂ ಆಗಲ್ಲ."

ಎಲ್ಲರೂ ನಕ್ಕರು. ವಸಂತಮ್ಮ ಒಂಟಿಗಾಲಲ್ಲೇ ನಕ್ಕಳು. ಗಂಡ ಹೀಗೆ ಎರಡು ಮಾತಿಗೆ ಜನರನ್ನು ನಗಿಸಬಲ್ಲ ಅನ್ನುವುದು ರಂಗಮ್ಮನಿಗೇ ಮರೆತುಹೋಗಿತ್ತು. ಅವಳಿಗೆ ಹೆಮ್ಮೆಯಾಯಿತು. ಒಳ್ಳೆಯ ಗಳಿಗೆ ಕೂಡಿಬರುತ್ತಿದೆ ಅನ್ನಿಸಿತು.

ಗುಂಡಿ ಜೋಮು ಆ ಬೀದಿಯಲ್ಲಿ ಯಾರಿಗೂ ಹೊಸದಲ್ಲ. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಬೆಳಗಿನಿಂದ ಸಂಜೆಯ ತನಕ ಹಲಗೆ ತುಳಿಯುವವರ ಪಾದ ಮರಗಟ್ಟುತ್ತದೆ. ಸಂಜೆ ಎದ್ದು ಎರಡು ಸಲ ನೆಲಕ್ಕೆ ಬಡಿದು, ಹರಳೆಣ್ಣೆ ತಿಕ್ಕಿದರೆ ಇರುವೆ ಹರಿದಂತಾಗಿ ಜೀವ ಬರುತ್ತದೆ. ಮುದ್ದಯ್ಯನ ಕಾಲಿಗೆ ಈಚೆಗೆ ಇರುವೆ ಹರಿಯುವುದೂ ನಿಂತಿತ್ತು. ಹೋದ ದೀಪಾವಳಿಯ ಹಿಂದುಮುಂದು ಗುಂಡಿಯೊಳಗೆ ಮೊಳೆಯೊಂದು ಅಂಗಾಲಿಗೆ ನೆಟ್ಟಿತ್ತು. ಕಸ ಗುಡಿಸಲು ಬಗ್ಗಿದ ರಂಗಮ್ಮ ರಕ್ತ ನೋಡಿ ಕಿರುಚಿದ ಮೇಲೆಯೇ ಅವನು ಕಾಲು ಎತ್ತಿ ನೋಡಿಕೊಂಡದ್ದು. "ಜೋಮು ಕಣೇ, ಗೊತ್ತೇ ಆಗ್ನಿಲ್ಲ" ಎಂದಿದ್ದ. ಅವಳೂ ಹೌದೆಂದುಕೊಂಡು ಅರಿಶಿನ ಮೆತ್ತಿದ್ದಳು. ಮಗ್ಗದವರಿಗೆ ಮಗ್ಗದ ನೋವು. ಅದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ?

ಮರಗಳ ಸಾಲು ತೆರೆದು ಕ್ಯಾಂಪಿನ ಬಯಲು ಬಂತು. ಎಲ್ಲರೂ ತಮಗೆ ತಾವೇ ದನಿ ತಗ್ಗಿಸಿದರು. ಅಷ್ಟು ಸದ್ದಿಲ್ಲದ ಜಾಗವನ್ನು ರಂಗಮ್ಮ ಹಿಂದೆ ಕಂಡಿರಲಿಲ್ಲ. ಅವಳ ಬೀದಿಯಲ್ಲಿ ಒಂದಲ್ಲ ಒಂದು ಮನೆಯಿಂದ ಲಾಳಿಯ ಸದ್ದು ಬರುತ್ತಲೇ ಇರುತ್ತದೆ. ಇಲ್ಲಿ ಎಲೆಯಿಂದ ಎಲೆಗೆ ಹನಿ ಬೀಳುವುದು ಬಿಟ್ಟರೆ ಏನೂ ಇಲ್ಲ. ಡೇರೆಗಳಿದ್ದ ಜಾಗದಲ್ಲಿ ಹುಲ್ಲು ಚೌಕಚೌಕವಾಗಿ ಬಾಡಿ ಮಲಗಿತ್ತು. ಗೂಟ ಕಿತ್ತ ತೂತುಗಳಿದ್ದವು. ಒಂದು ಮುರುಕು ಲಾಂದ್ರದ ಗಾಜು, ಕೋಳಿಯ ಪುಕ್ಕ, ಕುದುರೆಯದೋ ಹೇಸರಗತ್ತೆಯದೋ ಲದ್ದಿ. ನಡುವೆ ಅವರು ರಾತ್ರಿಗಳಲ್ಲಿ ಬೆಂಕಿ ಉರಿಸುತ್ತಿದ್ದ ಜಾಗ. ಸುತ್ತ ಕೂರಲು ಮರದ ದಿಮ್ಮಿಗಳು, ಮಧ್ಯೆ ಗಾಡಿಯ ಚಕ್ರದಷ್ಟು ಅಗಲ ಬೂದಿ. ಬೂದಿಯ ಮೇಲೂ ಇಬ್ಬನಿ ಬಿದ್ದು ಅದು ತಣ್ಣಗೆ, ಒದ್ದೆಯಾಗಿ, ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು.

ವಸಂತಮ್ಮ ದಿಮ್ಮಿಯ ಮೇಲೆ ಕೂತು ಎರಡೂ ಪಾದಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು. ಸುಬ್ಬಯ್ಯ ಅವಳ ಪಕ್ಕ ಕೂತ. ರಂಗಮ್ಮ ಎದುರಿನ ದಿಮ್ಮಿಯ ತುದಿಯಲ್ಲಿ ಕೂತಳು. ಹಿರಿಯರ ಮಾತಿಗೆ ಅಡ್ಡಿಯಾಗಬಾರದೆಂದು ದೇವಣ್ಣ ದೂರದ ನೆಲ್ಲಿಮರದ ಕಡೆ ನಡೆದ. ಮುದ್ದಯ್ಯ ಕೂರಲಿಲ್ಲ. ಅವನು ಅಲ್ಲಿ ಇಲ್ಲಿ ನೋಡುತ್ತ, ಬೂದಿಯ ಮೇಲೆ ಹತ್ತಿ ನಿಂತು, ಸುಬ್ಬಯ್ಯನ ಕಡೆ ತಿರುಗಿದ.

"ನಿಮ್ ಮಗ್ಳ ರೇಷ್ಮೆ ಕೆಲ್ಸ ಎಂಗೆ?" ಎಂದು ಸುಬ್ಬಯ್ಯ ಕೇಳಿದ. ಕೇಳುವುದನ್ನು ಇಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದ ಹಾಗೆ ಕೇಳಿದ.

ಮುದ್ದಯ್ಯನ ಮುಖ ಅರಳಿತು. ಮಗಳ ಸುದ್ದಿ ಬಂದರೆ ಅವನಿಗೆ ಬೇರೆ ಲೋಕ ಬೇಕಿರಲಿಲ್ಲ. "ನಾನೇ ಏಳ್ಬಾರ್ದು ಯಜಮಾನ್ರೆ. ಎಳೆ ಕಿತ್ತೋದ್ರೆ ನಮ್ಗೆ ಕಣ್ಗೆ ಕಾಣಲ್ಲ, ಅವ್ಳು ಬೆರಳಲ್ಲೇ ಉಡ್ಕಂಡು ಗಂಟಾಕ್ತಾಳೆ. ಗಂಟು ಎಲ್ಲದೆ ಅಂತ ನೀವು ಉಡುಕ್ಬೇಕು. ಅವ್ಳು ಸುತ್ತಿದ ನೂಲು ನಾನ್ ನೇಯಕ್ಕೆ ಕುಂತ್ರೆ ದಿವ್ಸ ಓಗದೇ ಗೊತ್ತಾಗಲ್ಲ." ಅವನು ಎರಡೂ ಕೈಯಲ್ಲಿ ಗಾಳಿಯಲ್ಲೇ ನೂಲು ಸುತ್ತಿ ತೋರಿಸಿದ. "ಕೋಪ ಅನ್ನೋದು ಗೊತ್ತಿಲ್ಲ. ನಾನ್ ರೇಗಿದ್ರೂ ಮುಂದೆ ಬಂದು ಊಟಕ್ಕೇಳಪ್ಪ ಅಂತಾಳೆ..."

ರಂಗಮ್ಮ ತಲೆ ತಗ್ಗಿಸಿ ಕೇಳುತ್ತಿದ್ದಳು. ಆಗ ಅವಳಿಗೆ ರೇಷ್ಮೆ ಸುಟ್ಟ ವಾಸನೆ ಬಂತು.

ನೇಕಾರರ ಮನೆಯವರಿಗೆ ಆ ವಾಸನೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತು. ನೂಲು ಅಪ್ಪಟವೋ ಬೆರಕೆಯೋ ಎಂದು ನೋಡಲು ಒಂದೆಳೆಯನ್ನು ದೀಪಕ್ಕೆ ಹಿಡಿಯುತ್ತಾರೆ. ಅಪ್ಪಟವಾದರೆ ಕೂದಲು ಸುಟ್ಟ ಹಾಗೆ ನಾರುತ್ತದೆ. ವಸಂತಮ್ಮನ ಸೀರೆಯ ಅಂಚಿಗೆ ಎಲ್ಲಿಂದಲೋ ಕಿಡಿ ತಾಗಿದೆ ಎಂದುಕೊಂಡು ರಂಗಮ್ಮ ಗಾಬರಿಯಿಂದ ಅತ್ತ ನೋಡಿದಳು. ಸೀರೆ ಸರಿಯಾಗಿತ್ತು. ತನ್ನ ಸೆರಗು ನೋಡಿಕೊಂಡಳು. ಅದೂ ಸರಿಯಾಗಿತ್ತು. ವಾಸನೆ ಹೆಚ್ಚಾಯಿತು. ಅವಳು ತಲೆ ಎತ್ತಿದಾಗ ಗಂಡನ ಎಡ ಹಿಮ್ಮಡಿಯ ಪಕ್ಕದಿಂದ ಹೊಗೆಯ ಸಣ್ಣ ಎಳೆಯೊಂದು ನೆಟ್ಟಗೆ ಮೇಲೇಳುತ್ತಿತ್ತು.

ಅವನು ಮಾತಾಡುತ್ತಲೇ ಇದ್ದ. ಮಗಳ ಕೈಯ ಸಾರಿನ ಬಗ್ಗೆ ಹೇಳುತ್ತಿದ್ದ.

"ಕಾಲು" ಎಂದಳು ರಂಗಮ್ಮ. ಅವನಿಗೆ ಕೇಳಿಸಲಿಲ್ಲ. ಎದ್ದು ನಿಂತು ಮತ್ತೆ, "ನಿಮ್ ಕಾಲು" ಎಂದಳು.

ಮುದ್ದಯ್ಯ ಮಾತು ನಿಲ್ಲಿಸಿ ಕೆಳಗೆ ನೋಡಿದ. ಎಡಗಾಲು ಎತ್ತಿದ. ಮೇಲಿನ ಒದ್ದೆ ಬೂದಿ ಕುಸಿದು ಅಡಿಯಲ್ಲಿ ಕೆಂಡ ಕೆಂಪಗೆ ಬಾಯಿಬಿಟ್ಟಿತ್ತು. ಅಡಿಕೆ ಗಾತ್ರದ ಒಂದು ಕೆಂಡ ಅವನ ಅಂಗಾಲಿಗೆ ಅಂಟಿಕೊಂಡೇ ಮೇಲೆ ಬಂತು. ಅವನು ಅದನ್ನು ನೋಡಿದ. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದ. ಆಮೇಲೆ ಬೆರಳಿನಿಂದ ಅದನ್ನು ತಟ್ಟಿ ಬೀಳಿಸಿ, ಆ ಬೆರಳಿಗೆ ಸುರ್ ಎಂದಾಗ "ಸ್ಸ್" ಎಂದು ಕೈ ಒದರಿದ. ಕೈಗೆ ಮಾತ್ರ.

ಅವನು ಬೂದಿಯಿಂದ ಆಚೆ ಬಂದು ನಿಂತ. ಸುಬ್ಬಯ್ಯನ ಬಾಯಿ ತೆರೆದೇ ಇತ್ತು. ಮೊದಲು ಅಲುಗಿದವಳು ವಸಂತಮ್ಮ. ಚಳಿಗೆ ಸೀರೆಯೊಳಗೆ ಮುದುಡಿದ್ದ ಕಾಲುಗಳನ್ನು ಹೊರಗೆ ತೆಗೆದು, ಅದೇ ಹುಲ್ಲಿನ ಮೇಲೆ ಮೊಣಕಾಲೂರಿ, ಮುದ್ದಯ್ಯನ ಎರಡೂ ಪಾದಗಳನ್ನು ಹಿಡಿದುಕೊಂಡಳು.

"ತಾಯಿ ಚೌಡವ್ವ" ಎಂದಳು. ಗಂಡನ ಕಡೆ ತಿರುಗಿದಳು. "ಯಜಮಾನ್ರೆ, ಕಣ್ಣಾರೆ ನೋಡುದ್ರಾ? ಕೊಂಡದಲ್ಲಿ ಓಡೋಗ್ತಾರೆ ಜನ. ಈ ಮಾರಾಯ ನಿಂತ್ಕಂಡು ಮಾತಾಡ್ದ. ಕೆಂಡದ ಮೇಲೆ ನಿಂತ್ಕಂಡು ಮಗ್ಳ ಮಾತಾಡ್ದ."

ಸುಬ್ಬಯ್ಯ ಟವಲನ್ನು ಹೆಗಲಿನಿಂದ ಇಳಿಸಿ ಸೊಂಟಕ್ಕೆ ಸುತ್ತಿದ, ಗುಡಿಯೊಳಗೆ ಹೋಗುವವನ ಹಾಗೆ. ಆ ಕಡೆಯ ಊರುಗಳಲ್ಲಿ ಕೊಂಡ ಹಾಯುವುದನ್ನು ನೋಡದೆ ಬೆಳೆದವರಿಲ್ಲ. ಹಬ್ಬದ ದಿನ ಗುಂಡಿಯ ತುಂಬ ಕೆಂಡ ಹಾಸುತ್ತಾರೆ. ಮಡಿಯಲ್ಲಿದ್ದು ಉಪವಾಸ ಮಾಡಿದವರು ಅದರ ಮೇಲೆ ನಡೆದು ದಾಟುತ್ತಾರೆ. ದೇವಿಯ ಒಲುಮೆ ಇದ್ದವರ ಕಾಲು ಸುಡುವುದಿಲ್ಲ. ಸುಟ್ಟರೆ ಮಡಿಯಲ್ಲಿ ಏನೋ ಕೊರತೆ. ಸುಬ್ಬಯ್ಯ ಬಗ್ಗಿ ಅಂಚಿನ ತಣ್ಣನೆ ಬೂದಿಯನ್ನು ಚಿಟಿಕೆಯಲ್ಲಿ ತೆಗೆದು ಹಣೆಗೆ ಅಡ್ಡಕ್ಕೆ ಎಳೆದುಕೊಂಡ. ಹೆಂಡತಿಯ ಹಣೆಗೂ ಇಟ್ಟ. ಸದ್ದು ಕೇಳಿ ಓಡಿಬಂದ ದೇವಣ್ಣನಿಗೂ ಇಟ್ಟ. ದೇವಣ್ಣ ಮಾತ್ರ ಮುದ್ದಯ್ಯನ ಕಾಲು ನೋಡಿ, "ನೀರ್ ತರ್ತೀನಿ, ಬೊಬ್ಬೆ ಬತ್ತಾ ಅದೆ" ಎಂದು ಚೊಂಬು ಹುಡುಕಿದ.

"ಬೊಬ್ಬೆ ಏನ್ ಮಹಾ. ಏನೂ ನೋವಿಲ್ಲ ಕಣಪ್ಪ" ಎಂದ ಮುದ್ದಯ್ಯ. ಅವನ ಕಣ್ಣು ಒದ್ದೆಯಾಗಿತ್ತು. "ನನ್ಗೂ ತಿಳೀನಿಲ್ಲ. ಮಗ್ಳ ವಿಚಾರ ಮಾತಾಡ್ತಾ ಇದ್ನಲ್ಲ, ಅವ್ವ ನಡ್ಸಿಕೊಟ್ಲು. ಅಷ್ಟೇ."

ರಂಗಮ್ಮ ನಿಂತಲ್ಲೇ ನಿಂತಿದ್ದಳು. ಅವಳಿಗೆ ಚೌಡವ್ವ ನೆನಪಾಗಲಿಲ್ಲ. ನೆನಪಾದವನು ತವರಿನ ಚಿಕ್ಕಪ್ಪ. ಕೊಟ್ಟಿಗೆಯ ಹಿಂದೆ ಅವನಿಗೊಂದು ಗುಡಿಸಲು ಹಾಕಿಕೊಟ್ಟಿದ್ದರು. ಅನ್ನವನ್ನು ಎಲೆಯಲ್ಲಿ ಹಾಕಿ ಕೋಲಿನಿಂದ ತಳ್ಳುತ್ತಿದ್ದರು. ಹತ್ತು ವರ್ಷದ ರಂಗಮ್ಮ ಒಂದು ಬೆಳಿಗ್ಗೆ ಇಣುಕಿ ನೋಡಿದಾಗ ಅವನು ಮಲಗಿ ನಿದ್ದೆ ಮಾಡುತ್ತಿದ್ದ, ಇಲಿಯೊಂದು ಅವನ ಕಾಲ್ಬೆರಳನ್ನು ತಿನ್ನುತ್ತಿತ್ತು. ಅವನಿಗೆ ಎಚ್ಚರವೇ ಆಗಿರಲಿಲ್ಲ. ಅದನ್ನು ಮನೆಯಲ್ಲಿ ದೊಡ್ಡ ಕಾಯಿಲೆ ಅನ್ನುತ್ತಿದ್ದರು. ಕುಷ್ಠ ಅನ್ನುವ ಹೆಸರನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ.

ಹೋದ ಬೇಸಿಗೆಯಿಂದ ಗಂಡನ ಸೊಂಟದ ಕೆಳಗೆ ಅಂಗೈಯಗಲ ಬಿಳಿಚಿದ ಮಚ್ಚೆ ಇತ್ತು. ತದ್ದು ಎಂದುಕೊಂಡು ಎಣ್ಣೆ ಹಚ್ಚಿದ್ದಳು. ಕಿವಿಯ ತುದಿ ದಪ್ಪಗಾಗಿತ್ತು. ವಯಸ್ಸು ಎಂದುಕೊಂಡಿದ್ದಳು. ಮೊಳೆ, ರಕ್ತ, ಇವತ್ತಿನ ಹುಲ್ಲು. ಒಂದೊಂದನ್ನೂ ಅವಳು ತನ್ನ ಕೈಯಾರೆ ಮುಟ್ಟಿದ್ದಳು, ಒಂದೊಂದಕ್ಕೂ ಬೇರೆ ಹೆಸರಿಟ್ಟಿದ್ದಳು. ಒಂದೇ ಹಾಸಿಗೆಯಲ್ಲಿ ಮಲಗಿ ಏಳುವವಳಿಗೆ ಕಾಣಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಜೊತೆಗೆ ಭಯವಾಯಿತು. ಬೀದಿಯಲ್ಲಿ ಸುದ್ದಿಯಾದರೆ ಅವನ ಕೈಗೆ ಯಾರೂ ರೇಷ್ಮೆ ಕೊಡುವುದಿಲ್ಲ. ಅವನ ಮಗಳ ಕೈಯನ್ನು ಯಾರೂ ಹಿಡಿಯುವುದಿಲ್ಲ.

ವಸಂತಮ್ಮ ಎದ್ದು ಕಣ್ಣೊರೆಸಿಕೊಂಡಳು. ಈಗ ಅವಳಿಗೆ ಚಳಿಯೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ದೇವಸ್ಥಾನಕ್ಕೆಂದು ತಂದಿದ್ದ ಚೀಲದಿಂದ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ತೆಗೆದು ಹಿತ್ತಾಳೆ ತಟ್ಟೆಯಲ್ಲಿ ಜೋಡಿಸತೊಡಗಿದಳು.

"ಇನ್ನೇನ್ ನೋಡದು" ಎಂದಳು. "ಇನ್ನೆರಡು ವಾರಕ್ಕೆ ಧನುರ್ಮಾಸ ಬತ್ತದೆ. ಇವತ್ತು ಬಿದಿಗೆ, ದಿನ ಒಳ್ಳೇದದೆ. ಇಲ್ಲೇ ತಾಂಬೂಲ ಬದ್ಲಾಯಿಸ್ಕಬುಡವ. ಇಂಥಾ ಅಪ್ಪನ ಮಗ್ಳು ನಮ್ಮನೇಗೆ ಬರದು ನಮ್ ಪುಣ್ಯ. ಏನಂತೀರ ಯಜಮಾನ್ರೆ?"

"ನಾನೇನ್ ಅನ್ನದು, ದೇವ್ರೇ ಅಂದ್ಬುಟ್ಟವ್ಳೆ" ಎಂದ ಸುಬ್ಬಯ್ಯ.

ದೇವಣ್ಣ ತಲೆ ಬಗ್ಗಿಸಿ ನೆಲ ನೋಡಿದ. ಅವನ ಕಿವಿ ಕೆಂಪಾಗಿದ್ದು ರಂಗಮ್ಮನಿಗೆ ಕಂಡಿತು. ಒಳ್ಳೆಯ ಹುಡುಗ. ಹೊರಡುವಾಗ ಗಂಟಿನ ಮೇಲೆ ಕಣ್ಣಿಟ್ಟು ನಿಂತಿದ್ದ ಮಗಳು ನೆನಪಾದಳು. ಸುಮ್ಮನಿದ್ದುಬಿಡು ಎಂದು ರಂಗಮ್ಮ ತನಗೆ ತಾನೇ ಹೇಳಿಕೊಂಡಳು. ತಟ್ಟೆ ತಗೋ. ಮದುವೆಯಾಗಲಿ. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ದೂರದ ಆಸ್ಪತ್ರೆಗೆ ಕರೆದುಕೊಂಡು ಹೋದರಾಯಿತು. ಈಗೆಲ್ಲ ಮಾತ್ರೆ ಕೊಡುತ್ತಾರಂತೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡು ಹೆಜ್ಜೆ ಮುಂದೆ ಬಂದಳು. ತಟ್ಟೆಗೆ ಕೈ ಚಾಚಿಯೂ ಚಾಚಿದಳು.

"ಇನ್ನೊಂದ್ ಮಾತು" ಎಂದಳು ವಸಂತಮ್ಮ, ತಟ್ಟೆಯನ್ನು ಹಿಡಿದುಕೊಂಡೇ. "ಯುಗಾದಿ ಆದ್ಮೇಲೆ ನಮ್ ಚೌಡವ್ವನ ಹಬ್ಬ ಮಾಡ್ತೀವಲ್ಲ. ಈ ಸಲ ಕೊಂಡಕ್ಕೆ ಬೀಗ್ರೇ ಮುಂದಾಳು. ಹನ್ನೆರಡ್ ಮೊಳದ ಕೊಂಡ ತೋಡುಸ್ತೀವಿ, ಮೊಣಕಾಲುದ್ದ ಕೆಂಡ. ಎಲ್ರೂ ಓಡೋಗ್ತಾರೆ, ನೀವು ನಿಧಾನಕ್ಕೆ ನಡೀಬೇಕು. ಮಧ್ಯದಲ್ಲಿ ನಿಂತ್ಕಂಡು ಒಂದ್ ಸಲ ಅವ್ವನ ಕಡೆ ತಿರುಗ್ಬೇಕು. ಊರೇ ನೋಡ್ಲಿ."

"ಆಗ್ಲಿ ತಾಯಿ" ಎಂದ ಮುದ್ದಯ್ಯ. ಅವನ ಮುಖ ಬೆಳಗುತ್ತಿತ್ತು. ಜೀವಮಾನದಲ್ಲಿ ಯಾರೂ ಅವನನ್ನು ಯಾವುದಕ್ಕೂ ಮುಂದಾಳು ಎಂದಿರಲಿಲ್ಲ. "ನಿಂತ್ಕತೀನಿ. ಎಷ್ಟೊತ್ ಬೇಕಾದ್ರೂ ನಿಂತ್ಕತೀನಿ."

ಅವನು ನಿಲ್ಲುತ್ತಾನೆ. ಅದರಲ್ಲಿ ರಂಗಮ್ಮನಿಗೆ ಅನುಮಾನವಿರಲಿಲ್ಲ. ಮೂಳೆ ಕಾಣುವ ತನಕ ನಿಲ್ಲುತ್ತಾನೆ, ನಗುತ್ತಲೇ ನಿಲ್ಲುತ್ತಾನೆ. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

"ಅಕ್ಕಾ, ತಟ್ಟೆ ಕೆಳಕ್ ಮಡಗಿ" ಎಂದಳು. "ಇದು ದೇವ್ರಲ್ಲ."

"ಏನಂದೆ?" ಎಂದಳು ವಸಂತಮ್ಮ.

"ಇವ್ರಿಗೆ ಕಾಲಲ್ಲಿ ಸ್ಪರ್ಶ ಇಲ್ಲ. ಮೊಳೆ ಚುಚ್ಚುದ್ರೂ ತಿಳಿಯಲ್ಲ, ಕೆಂಡ ಅಂಟ್ಕಂಡ್ರೂ ತಿಳಿಯಲ್ಲ. ಜೋಮು ಅಂತಿದ್ದೋ. ಜೋಮಲ್ಲ. ಮೈಮೇಲೆ ಮಚ್ಚೆ ಅದೆ. ನಮ್ ಚಿಕ್ಕಪ್ಪಂಗೂ ಇಂಗೇ ಇತ್ತು." ಅಷ್ಟು ಹೇಳಿದ್ದೇ ಸಾಕಾಗಿತ್ತು. ಆದರೂ ಅವಳು ಕೊನೆಯ ಮಾತನ್ನೂ ಹೇಳಿದಳು, ಇನ್ನು ಹಿಂದಕ್ಕೆ ಹೋಗಲು ತನಗೇ ದಾರಿ ಇರಬಾರದೆಂದು. "ದೊಡ್ಡ ಕಾಯ್ಲೆ."

ಎಲೆಯಿಂದ ಹನಿ ಬೀಳುವುದು ಕೇಳುತ್ತಿತ್ತು. ವಸಂತಮ್ಮ ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು. ಆ ಕೈಗಳಲ್ಲೇ ಅವಳು ಪಾದ ಹಿಡಿದಿದ್ದಳು. ತಟ್ಟೆ ವಾಲಿ ಅಡಿಕೆ ಒಂದೊಂದಾಗಿ ಹುಲ್ಲಿಗೆ ಬಿತ್ತು. ಸುಬ್ಬಯ್ಯ ಸೊಂಟದ ಟವಲನ್ನು ಬಿಚ್ಚಿ, ಅತ್ತ ತಿರುಗಿಕೊಂಡು, ಹಣೆಯನ್ನು ಒರೆಸಿದ. ಮತ್ತೊಮ್ಮೆ ಒರೆಸಿದ. ನೀರಿನ ಚೊಂಬು ಹಿಡಿದಿದ್ದ ದೇವಣ್ಣ ಎತ್ತ ಹೋಗಬೇಕೆಂದು ತಿಳಿಯದೆ ನಡುವೆ ನಿಂತ.

ರಂಗಮ್ಮ ಗಂಡನ ಕಡೆ ನೋಡಲು ಹೆದರಿದಳು. ಆದರೂ ನೋಡಿದಳು. ಅವನಿಗೆ ಗೊತ್ತಿರಲಿಲ್ಲ. ಅವನ ಮುಖ ಅದನ್ನು ಹೇಳುತ್ತಿತ್ತು. ದೇವರು ಮುಟ್ಟಿದ ಮನುಷ್ಯನಾಗಿ ಒಂದು ಗಳಿಗೆ ನಿಂತಿದ್ದವನಿಗೆ, ಬೀಗರ ಮುಂದೆ, ಹೆಂಡತಿಯ ಬಾಯಿಂದಲೇ ಅದು ತಿಳಿದಿತ್ತು.

"ಏನ್ ಮಾತು ಅಂತ ಆಡ್ತೀಯೇ ರಂಗಿ" ಎಂದ. ಬೈಯಲಿಲ್ಲ. ನಗಲು ನೋಡಿದ. ದಿಮ್ಮಿಯ ಮೇಲೆ ಕೂತು ಎಡಗಾಲನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿದ. ಉಬ್ಬಿದ ಬೊಬ್ಬೆ ಒಡೆದು ನೀರು ಇಳಿಯಿತು. ಇನ್ನೂ ಗಟ್ಟಿಯಾಗಿ ಒತ್ತಿದ. ಉಗುರು ಊರಿದ. ಹಿಮ್ಮಡಿಯಿಂದ ಬೆರಳುಗಳ ತನಕ, ಎಳೆ ಎಲ್ಲಿ ಕಿತ್ತುಹೋಗಿದೆಯೆಂದು ಮಗ್ಗದ ಹಾಸುನೂಲನ್ನು ತಡವುವ ಹಾಗೆ, ಒಂದು ಅಂಗುಲವೂ ಬಿಡದೆ ಒತ್ತುತ್ತ ಹೋದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಮುಖದಲ್ಲಿ ಏನೂ ಆಗಲಿಲ್ಲ.

"ಬುಡಿ, ಅದುನ್ನ ಕೆದಕ್ಬೇಡಿ" ಎಂದಳು ರಂಗಮ್ಮ. "ಊರ್ಗೋಗವ. ಆಸ್ಪತ್ರೇಲಿ ಮಾತ್ರೆ ಕೊಡ್ತಾರಂತೆ, ವಾಸಿಯಾಯ್ತದಂತೆ."

"ವಾಸಿಯಾಗಕ್ಕೆ ನನ್ಗೇನಾಗದೆ?"

ಅವನು ಎದ್ದ. ಯಾರ ಮುಖವನ್ನೂ ನೋಡದೆ ಬೂದಿಯ ಕಡೆ ನಡೆದ. ರಂಗಮ್ಮನಿಗೆ ಅವನೇನು ಮಾಡುತ್ತಾನೆಂದು ತಿಳಿಯುವಷ್ಟರಲ್ಲಿ, ಮೊದಲು ನಿಂತಿದ್ದ ಜಾಗಕ್ಕೇ, ಕೆಂಡ ಬಾಯಿಬಿಟ್ಟು ಕೆಂಪಗೆ ಉಸಿರಾಡುತ್ತಿದ್ದ ಕಡೆಗೇ, ಎರಡೂ ಕಾಲುಗಳನ್ನು ಇಟ್ಟು ನಿಂತ. ಕಣ್ಣು ಮುಚ್ಚಿದ. ಯಾರೋ ಬರಬೇಕಾದವರನ್ನು ಕಾಯುವ ಹಾಗೆ ಕಾದ. ಮತ್ತೆ ಆ ವಾಸನೆ ಬಂತು.

ಅವನು ಕಣ್ಣು ತೆರೆದು ಸುಬ್ಬಯ್ಯನನ್ನು ನೋಡಿದ.

"ಸುಡ್ತಾ ಅದೆ ಯಜಮಾನ್ರೆ" ಎಂದ. "ಸುಳ್ಳೇಳ್ತಾಳೆ ಇವ್ಳು. ಚೆನ್ನಾಗೇ ಸುಡ್ತಾ ಅದೆ."

ಅವನ ದನಿ ಮಗಳ ಬಗ್ಗೆ ಹೇಳುವಾಗ ಇದ್ದಷ್ಟೇ ಮೆತ್ತಗಿತ್ತು. ಕಾಲು ತೆಗೆಯಲಿಲ್ಲ. ಹೊಗೆ ಎರಡೂ ಹಿಮ್ಮಡಿಗಳ ಪಕ್ಕದಿಂದ ಏಳುತ್ತಿತ್ತು. "ತಡ್ಕಳಕ್ಕಾಗ್ತಿಲ್ಲ" ಎಂದ, ಅಲ್ಲೇ ನಿಂತುಕೊಂಡು.

ರಂಗಮ್ಮ ಅವನನ್ನು ಹೊರಗೆ ಎಳೆಯಲು ಓಡಿ ಬೂದಿಯೊಳಕ್ಕೆ ಕಾಲಿಟ್ಟಳು. ಸುರ್ ಎಂದದ್ದೇ ಅವಳ ಕಾಲು ತಾನಾಗಿಯೇ ಹಿಂದಕ್ಕೆ ಬಂತು.